ನಲವತ್ಮೂರರಲ್ಲಿ ಗೆದ್ದ ಬೋಪಣ್ಣ



ಕಬಡ್ಡಿ ನಮಗೆ ಗೊತ್ತು. ಖೋ ಖೋ ಗೊತ್ತು. ಯಾದಗಿರಿ, ಶಹಾಪುರ, ಸುರಪುರದ ಶಾಲೆ ಬಯಲಲ್ಲಿ ಮಕ್ಕಳು ಆಡೋದನ್ನು ನೋಡಿದ್ದೇವೆ. ಇವತ್ತು ಇನ್ನೊಂದು ಆಟದ ಬಗ್ಗೆ ಓದೋಣ. ಅದು ಟೆನಿಸ್.

ಟೆನಿಸ್ ಆಡೋದು ಹೇಗೆ?

ಅಂಗಳದ ನಡುವೆ ಬಲೆ ಕಟ್ಟಿರುತ್ತಾರೆ. ಆಟಗಾರರ ಕೈಯಲ್ಲಿ ದಾರದಿಂದ ಹೆಣೆದ ಬ್ಯಾಟು ಇರುತ್ತದೆ. ಚೆಂಡನ್ನು ಬಲೆಯ ಮೇಲಿಂದ ಆಚೆ ಹೊಡೆಯಬೇಕು. ನಮ್ಮ ಕಡೆ ಚೆಂಡು ಎರಡು ಸಲ ಪುಟಿದರೆ ಎದುರಿನವರಿಗೆ ಅಂಕ. ಒಬ್ಬರ ಎದುರು ಒಬ್ಬರು ಆಡಬಹುದು. ಇಬ್ಬರ ಎದುರು ಇಬ್ಬರು ಆಡಿದರೆ ಅದು ಜೋಡಿ ಆಟ. ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು ಸೇರಿ ಆಡಿದರೆ ಅದು ಮಿಶ್ರ ಜೋಡಿ.

ಕೊಡಗಿನ ಹುಡುಗ

ರೋಹನ್ ಬೋಪಣ್ಣ ನಮ್ಮ ಕರ್ನಾಟಕದವರು. 1980ರಲ್ಲಿ ಹುಟ್ಟಿದರು. ಕೊಡಗಿನಲ್ಲಿ ಬೆಳೆದರು. ತಂದೆಗೆ ಕಾಫಿ ತೋಟ ಇತ್ತು. 11ನೇ ವಯಸ್ಸಿಗೆ ಟೆನಿಸ್ ಹಿಡಿದರು. ತೋಳಿಗೆ ಬಲ ಬರಲೆಂದು ಕಟ್ಟಿಗೆ ಒಡೆದರು. ದಮ್ಮು ಬರಲೆಂದು ತೋಟದಲ್ಲಿ ಓಡಿದರು.

ಸೋಲಿನ ಮೇಲೆ ಸೋಲು

ಟೆನಿಸ್‌ನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಪಂದ್ಯಾವಳಿ ನಡೆಯುತ್ತವೆ. 2010ರಲ್ಲಿ ಅಮೆರಿಕದ ಪಂದ್ಯಾವಳಿಯಲ್ಲಿ ಬೋಪಣ್ಣ ಕೊನೆಯ ಪಂದ್ಯದವರೆಗೆ ಬಂದರು. ಜೊತೆಗಾರ ಪಾಕಿಸ್ತಾನದ ಖುರೇಷಿ. ಅಮೆರಿಕದ ಬ್ರಯಾನ್ ಅಣ್ಣತಮ್ಮಂದಿರ ಎದುರು ಸೋತರು.

2017ರಲ್ಲಿ ಫ್ರಾನ್ಸಿನಲ್ಲಿ ಮಿಶ್ರ ಜೋಡಿ ಗೆದ್ದರು. ಜೊತೆಗಾರ್ತಿ ಕೆನಡಾದ ಗೇಬ್ರಿಯೆಲಾ. ಆದರೆ ಗಂಡಸರ ಜೋಡಿಯಲ್ಲಿ ದೊಡ್ಡ ಗೆಲುವು ಸಿಗಲೇ ಇಲ್ಲ.

ವಯಸ್ಸು 40 ದಾಟಿತು. ಮೊಣಕಾಲು ಸವೆದು ನೋವು ಶುರುವಾಗಿತ್ತು. ಭತ್ತದ ಸಸಿ ಹಚ್ಚುವ ಅಕ್ಕಂದಿರಿಗೆ ಆ ನೋವು ಹೇಳಿ ತಿಳಿಸಬೇಕೆ? ಒಮ್ಮೆ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆಟ ಬಿಡೋಣ ಅನ್ನಿಸಿತ್ತು ಅಂತ ಅವರೇ ಹೇಳಿದ್ದಾರೆ.

ಆದರೂ ಬಿಡಲಿಲ್ಲ. ಯೋಗ ಮಾಡಿ ಕಾಲಿಗೆ ಬಲ ತಂದುಕೊಂಡರು. ಜೋಡಿ ಆಟದಲ್ಲಿ ಅಂಗಳವನ್ನು ಇಬ್ಬರೂ ಕಾಯುತ್ತಾರೆ. ಓಟ ಕಡಿಮೆ. ಕಣ್ಣು, ಕೈ, ಅನುಭವ ಹೆಚ್ಚು ಬೇಕು. ಅದು ಅವರಲ್ಲಿತ್ತು.

ಗೆಲುವು ಬಂತು

2024ರ ಜನವರಿ 27. ಆಸ್ಟ್ರೇಲಿಯಾದ ಮೆಲ್ಬರ್ನ್ ಊರು. ಆಸ್ಟ್ರೇಲಿಯಾದವರೇ ಆದ ಎಬ್ಡೆನ್ ಜೊತೆ ಸೇರಿ ಬೋಪಣ್ಣ ಗೆದ್ದರು. ಆಗ ಅವರಿಗೆ 43 ವರ್ಷ. ಜೋಡಿ ಆಟದಲ್ಲಿ ಇಡೀ ಜಗತ್ತಿಗೇ ಒಂದನೇ ಸ್ಥಾನಕ್ಕೆ ಬಂದರು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೆ ಬಂದ ಗಂಡಸರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಅದೇ ವರ್ಷ ಪದ್ಮಶ್ರೀ ಗೌರವವೂ ಸಿಕ್ಕಿತು. 2025ರ ನವೆಂಬರ್ 1ರಂದು ಆಟದಿಂದ ನಿವೃತ್ತಿ ಹೇಳಿದರು. ಅಂದು ನಮ್ಮ ರಾಜ್ಯೋತ್ಸವದ ದಿನ.

ನಮಗೇನು ಇದರಿಂದ?

ಬೋಪಣ್ಣ ಅವರಿಗೆ ತೋಟ ಇತ್ತು, ಕಲಿಸುವ ಗುರುಗಳಿದ್ದರು. ನಮಗೆ ಹೊಲದ ಕೂಲಿ, ರೊಟ್ಟಿ, ನೀರು, ಮಕ್ಕಳು. ಓದಲು ಸಿಗೋದು ರಾತ್ರಿಯ ಒಂದು ತಾಸು. ಅದೂ ನಿದ್ದೆಗಣ್ಣಲ್ಲಿ. ಇಬ್ಬರದೂ ಒಂದೇ ಅನ್ನಲು ಆಗದು.

ಆದರೆ ಒಂದು ಮಾತು ಇಬ್ಬರೂ ಕೇಳಿದ್ದೇವೆ. "ವಯಸ್ಸಾತು, ಇನ್ನ ಸಾಕು ಬಿಡು." ಓಣಿಯಲ್ಲಿ ನಮಗೂ ಅನ್ನುತ್ತಾರೆ, "ಈ ವಯಸ್ಸಿನಾಗ ಪಾಟಿ ಹಿಡದು ಏನ ಮಾಡ್ತೀಯವ್ವ?" ಅಂತ.

ಏನು ಮಾಡುತ್ತೇವೆ? ಬಸ್ಸಿನ ಬೋರ್ಡು ಓದುತ್ತೇವೆ. ಕೂಲಿ ಲೆಕ್ಕ ನಾವೇ ನೋಡುತ್ತೇವೆ. ಹೆಬ್ಬೆಟ್ಟು ಒತ್ತುವ ಕಡೆ ಹೆಸರು ಬರೆಯುತ್ತೇವೆ. ಈ ಪುಟವನ್ನು ಇಲ್ಲಿತನಕ ಓದಿದವರು ನೀವೇ ಅಲ್ಲವೇ?

ಮಾತಾಡೋಣ

1. ಬೋಪಣ್ಣ ಯಾವ ಜಿಲ್ಲೆಯಲ್ಲಿ ಬೆಳೆದರು?
2. ಆಸ್ಟ್ರೇಲಿಯಾದಲ್ಲಿ ಗೆದ್ದಾಗ ಅವರ ವಯಸ್ಸು ಎಷ್ಟು?
3. ನೀವು ದೊಡ್ಡವರಾದ ಮೇಲೆ ಕಲಿತ ಒಂದು ಕೆಲಸ ಯಾವುದು? ಅದರ ಹೆಸರು ಬರೆಯಿರಿ.