ಅಮೂರ್ತ ಚಿತ್ರದಲ್ಲಿ ವರ್ಣದ ವ್ಯಂಜಕತ್ವ

ಚಿತ್ರವನ್ನು ನೋಡುವವರ ಅಭಿರುಚಿಭೇದವನ್ನು ಕುರಿತು ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಒಂದು ಪ್ರಸಿದ್ಧವಾದ ಮಾತುಂಟು. ಅದರಂತೆ ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನೆಯನ್ನೂ ಎಂದರೆ ನೆಳಲುಬೆಳಕುಗಳ ವಿನ್ಯಾಸವನ್ನೂ, ಸ್ತ್ರೀಯರು ಭೂಷಣವನ್ನೂ ಮೆಚ್ಚತಕ್ಕವರು. ಉಳಿದ ಜನಕ್ಕೆ ಬೇಕಾದುದು ವರ್ಣಸಮೃದ್ಧಿ. ವರ್ಣಕ್ಕೆ ಇಲ್ಲಿ ದೊರೆತಿರುವುದು ಕಡೆಯ ಸ್ಥಾನ; ವರ್ಣಪ್ರೀತಿಯು ಪಾಮರಲಕ್ಷಣವೆಂಬ ಧ್ವನಿಯೂ ಇಲ್ಲದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕ್ಯಾಂಡಿನ್‌ಸ್ಕಿ ಮೊದಲಾದ ಪಾಶ್ಚಾತ್ಯ ಚಿತ್ರಕಾರರು ವಸ್ತುವಿನ ಆಕೃತಿಯನ್ನೇ ತೊರೆದು, ವರ್ಣಗಳ ಸಂಯೋಜನೆಯಿಂದಲೇ ಚಿತ್ರವನ್ನು ಕಟ್ಟತೊಡಗಿದರು. ಭಾರತದಲ್ಲಿಯೂ ವಾಸುದೇವ ಗಾಯತೊಂಡೆ (1924–2001), ಸೈಯದ್ ಹೈದರ್ ರಜಾ (1922–2016) ಇವರು ಈ ಮಾರ್ಗದಲ್ಲಿ ನಡೆದವರು. ಇಂತಹ ಅಮೂರ್ತ ಚಿತ್ರದ ಮುಂದೆ ನಿಂತವನ ಮನಸ್ಸು ಅರಳುವುದೂ ಉತ್ಸಾಹಗೊಳ್ಳುವುದೂ ಅನುಭವಸಿದ್ಧ. ಇದಕ್ಕೆ ಅಲಂಕಾರಶಾಸ್ತ್ರದಲ್ಲಿ ಉಪಪತ್ತಿಯುಂಟೆ? ಇಲ್ಲವೆಂದಾದರೆ, ಅಮೂರ್ತ ಚಿತ್ರವು ಗೋಡೆಯ ಅಲಂಕಾರಮಾತ್ರವೆನ್ನಬೇಕು, ಅಥವಾ ಶಾಸ್ತ್ರವೇ ಅಪೂರ್ಣವೆನ್ನಬೇಕು. ಎರಡೂ ಸುಲಭವಾಗಿ ಒಪ್ಪತಕ್ಕ ಮಾತುಗಳಲ್ಲ.

ಈ ಪ್ರಶ್ನೆ ಬಂದೊಡನೆ ಸಾಮಾನ್ಯವಾಗಿ ಎತ್ತಿ ತೋರಿಸುವುದು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯವನ್ನು. ಅಲ್ಲಿ ಭರತನು ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಕಪೋತ, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲ, ಅದ್ಭುತಕ್ಕೆ ಹಳದಿ ಎಂದು ಹೇಳಿ, ಒಂದೊಂದು ರಸಕ್ಕೂ ಅಧಿದೇವತೆಯನ್ನು ಸೇರಿಸಿದ್ದಾನೆ. ಇದರಿಂದ ಪ್ರಕೃತಕ್ಕೆ ಆಗುವ ಸಹಾಯ ಅಲ್ಪ. ಶೃಂಗಾರದ ದೇವತೆ ವಿಷ್ಣುವಾದುದರಿಂದ ಅದರ ಬಣ್ಣ ಶ್ಯಾಮವಾದಂತೆ ತೋರುತ್ತದೆ. ಶ್ಯಾಮವರ್ಣವನ್ನು ಕಂಡವನಿಗೆಲ್ಲ ರತಿಯು ಹುಟ್ಟುವುದೆಂದು ಅದರ ಅರ್ಥವಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಹೇಳುವ ಕವಿಸಮಯವಾದರೋ ಕ್ರೋಧಕ್ಕೂ ಅನುರಾಗಕ್ಕೂ ಕೆಂಪನ್ನೇ ವಿಧಿಸುತ್ತದೆ. ಒಂದೇ ಬಣ್ಣವು ಪರಸ್ಪರ ವಿರುದ್ಧವಾದ ಎರಡು ಭಾವಗಳಿಗೆ ಗುರುತಾದ ಮೇಲೆ, ಅದು ಸಂಕೇತವೇ ಹೊರತು ಕಾರಣವಲ್ಲವೆಂಬುದು ಸ್ಪಷ್ಟ. ಇಂತಹ ಬಣ್ಣವು ಇಂತಹ ಭಾವವನ್ನು ಕೊಡುವುದೆಂದು ಪಟ್ಟಿ ಬರೆದು ಕಲಿಸುವ ಈಗಿನ ಕೆಲವು ಪುಸ್ತಕಗಳಿಗೂ ಇದೇ ದೋಷ ತಗಲುತ್ತದೆ.

ಇನ್ನು ಪ್ರಬಲವಾದ ಆಕ್ಷೇಪವೊಂದಿದೆ. ವಿಭಾವ, ಅನುಭಾವ, ವ್ಯಭಿಚಾರಿಗಳ ಸಂಯೋಗದಿಂದ ರಸನಿಷ್ಪತ್ತಿ. ವಿಭಾವದಲ್ಲಿ ನಾಯಕ ನಾಯಿಕೆಯರು ಆಲಂಬನ. ಚಂದ್ರೋದಯ, ಉದ್ಯಾನ, ವಸಂತಾದಿಗಳು ಉದ್ದೀಪನ. ಬಣ್ಣವು ಹೆಚ್ಚೆಂದರೆ ಉದ್ದೀಪನವಾಗಬಹುದು. ಆಲಂಬನವೇ ಇಲ್ಲದೆಡೆಯಲ್ಲಿ ಉದ್ದೀಪನವು ಯಾವುದನ್ನು ಉದ್ದೀಪಿಸೀತು? ಒಲೆಯಿಲ್ಲದೆ ಊದುಗೊಳವೆಯನ್ನು ಊದಿದಂತಾಗದೆ?

ಇದಕ್ಕೆ ಸಮಾಧಾನವು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ದೊರೆಯುತ್ತದೆ. ವಾಚಕತ್ವವಿದ್ದಲ್ಲಿ ಮಾತ್ರ ವ್ಯಂಜಕತ್ವವಿರುವುದೆಂಬ ವಾದವನ್ನು ಖಂಡಿಸುತ್ತ ಆನಂದವರ್ಧನನು ಗೀತಶಬ್ದವನ್ನು ದೃಷ್ಟಾಂತವಾಗಿ ಕೊಡುತ್ತಾನೆ. ಗೀತದ ನಾದಕ್ಕೆ ವಾಚ್ಯಾರ್ಥವಿಲ್ಲ. ಆದರೂ ಅದು ರಸಾದಿಗಳನ್ನು ವ್ಯಂಜಿಸುವುದನ್ನು ಕೇಳುಗರೆಲ್ಲರೂ ಬಲ್ಲರು. ಅರ್ಥವಿಲ್ಲದ ನಾದಕ್ಕೆ ಈ ಶಕ್ತಿಯನ್ನು ಒಪ್ಪಿದವರು ಆಕೃತಿಯಿಲ್ಲದ ಬಣ್ಣಕ್ಕೆ ಅದನ್ನು ನಿರಾಕರಿಸುವುದು ನ್ಯಾಯವಲ್ಲ. ‘ರಂಜ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದ ‘ರಾಗ’ ಶಬ್ದವು ಬಣ್ಣವನ್ನೂ ಅನುರಾಗವನ್ನೂ ಗಾಯಕರ ರಾಗವನ್ನೂ ಹೇಳುವುದು ಆಕಸ್ಮಿಕವಾಗಿರಲಾರದು.

ಅದೇ ಉದ್ಯೋತದಲ್ಲಿ ವರ್ಣಗಳನ್ನು, ಎಂದರೆ ಅಕ್ಷರಗಳನ್ನು ಕುರಿತು ಬರುವ ವಿಚಾರ ಇನ್ನೂ ಹತ್ತಿರದ್ದು. ಶಕಾರ ಷಕಾರಗಳೂ ರೇಫಸಂಯೋಗವೂ ಶೃಂಗಾರಕ್ಕೆ ವಿರೋಧಿಗಳು; ಅವೇ ಬೀಭತ್ಸದಲ್ಲಿ ಬಂದರೆ ರಸವನ್ನು ಬೆಳಗಿಸುತ್ತವೆ. ಮಮ್ಮಟನೂ ಮಾಧುರ್ಯದ ಚಿತ್ತದ್ರುತಿಗೆ ಒಂದು ಬಗೆಯ ವರ್ಣಗಳನ್ನೂ, ಓಜಸ್ಸಿನ ದೀಪ್ತಿಗೆ ಇನ್ನೊಂದು ಬಗೆಯ ವರ್ಣಗಳನ್ನೂ ವ್ಯಂಜಕಗಳೆಂದು ಹೇಳಿದ್ದಾನೆ. ಅಕ್ಷರವೊಂದಕ್ಕೆ ಒಂಟಿಯಾಗಿ ಭಾವವಿಲ್ಲ. ನೆರೆಹೊರೆಯಿಂದ ಅದರ ಬಲ. ಕಣ್ಣಿಗೆ ಕಾಣುವ ವರ್ಣಕ್ಕೂ ಇದೇ ನ್ಯಾಯ.

ಇದಕ್ಕೆ ಲಕ್ಷ್ಯವನ್ನು ಹುಡುಕಲು ದೂರದ ಚಿತ್ರಶಾಲೆಗೆ ಹೋಗಬೇಕಾಗಿಲ್ಲ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಸುತ್ತಣ ಸೀಮೆಯಲ್ಲಿ ಲಂಬಾಣಿ ತಾಂಡಗಳು ಹಲವು. ತಾಂಡದ ಹೆಂಗಸರು ಕೈಯಿಂದ ಕಸೂತಿ ಹಾಕುವ ಪೇಟಿಯಾ, ಕಾಂಚಳಿಗಳಲ್ಲಿ ಚೌಕ, ತ್ರಿಕೋಣ, ಓರೆಗೆರೆಗಳು ತುಂಬಿರುತ್ತವೆ. ಕೆಂಪು ನೆಲದ ಮೇಲೆ ಹಳದಿ, ಹಸುರು, ನೀಲಿ ದಾರಗಳು, ನಡುನಡುವೆ ಕನ್ನಡಿಯ ಬಿಲ್ಲೆ ಮತ್ತು ಕವಡೆ. ದೇವರ ಕಥೆಯಾಗಲಿ ಮನುಷ್ಯನ ರೂಪವಾಗಲಿ ಅಲ್ಲಿ ಬೇಕಾಗಿಲ್ಲ. ಈಗ ಈ ಉಡುಗೆ ಹಿರಿಯ ಹೆಂಗಸರಲ್ಲಿಯೂ ಹಬ್ಬಗಳಲ್ಲಿಯೂ ಹೆಚ್ಚಾಗಿ ಕಾಣಬರುತ್ತದೆ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆತುದು ಪ್ರಸಿದ್ಧ. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಯೂ ಇದೇ ಜಾತಿಯದು. ಮಾಸಿದ ಬೂದು ತುಂಡಿನ ಪಕ್ಕಕ್ಕೆ ಕುಂಕುಮದ ತುಂಡು ಬಿದ್ದೊಡನೆ ಎರಡಕ್ಕೂ ಜೀವ ಬರುತ್ತದೆ.

ಹೀಗೇಕೆ ಆಗುವುದೆಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರ ತನ್ನ ಗ್ರಂಥದಲ್ಲಿ ವಿವರಿಸಿದನು. ಪ್ಯಾರಿಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಅವನಿಗೆ, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಿತು. ಪರೀಕ್ಷಿಸಲು ದೋಷವು ಬಣ್ಣದ್ದಲ್ಲ, ಪಕ್ಕದ ನೂಲಿನದೆಂದು ತಿಳಿಯಿತು. ಕೆಂಪು ಹಸುರುಗಳು ಎಡೆಬಿಡದೆ ನಿಂತರೆ ಒಂದನ್ನೊಂದು ಉಜ್ಜ್ವಲಗೊಳಿಸುತ್ತವೆ. ತಾಂಡದ ಸೂಜಿಗೆ ಇದು ಗ್ರಂಥವಿಲ್ಲದೆಯೇ ಗೊತ್ತಿತ್ತು! ಮನಶ್ಶಾಸ್ತ್ರಜ್ಞರಾದ ವಾಲ್ಡೆಜ್, ಮೆಹ್ರಾಬಿಯನ್ ಇವರು 1994ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿಯೂ, ಇದು ಕೆಂಪು ಇದು ನೀಲಿ ಎಂಬ ಜಾತಿಗಿಂತ ಬಣ್ಣದ ಹೊಳಪೂ ಗಾಢತೆಯೂ ಭಾವದ ಮೇಲೆ ಹೆಚ್ಚು ನಿಯತವಾದ ಪರಿಣಾಮವನ್ನು ಉಂಟುಮಾಡುವುದೆಂದು ಕಂಡುಬಂದಿತು. ಚಿತ್ತವನ್ನು ಎತ್ತುವ ದೀಪ್ತಿಯ ಮೂಲ ಇಲ್ಲಿಯೇ ಇರಬೇಕು.

ಹಾಗಾದರೆ ‘ಇತರ ಜನ’ರ ವರ್ಣಪ್ರೀತಿಯನ್ನು ಕೀಳ್ಗಳೆಯುವುದು ಯುಕ್ತವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ, ನೋಡಿದಮಾತ್ರಕ್ಕೆ ಶೃಂಗಾರಾದಿಗಳು ತಿಳಿಯುವ ಚಿತ್ರವನ್ನು ಭಾವಚಿತ್ರವೆಂದು ಕರೆದಿದ್ದಾನೆ. (ಅವನ ‘ರಸಚಿತ್ರ’ವು ದ್ರವವರ್ಣದಿಂದ ಬರೆದುದು, ಅಲ್ಲಿನ ರಸಶಬ್ದವನ್ನು ನವರಸಗಳಿಗೆ ಹೊಂದಿಸಬಾರದು.) ಅವನ ಮನಸ್ಸಿನಲ್ಲಿದ್ದುದು ಆಕೃತಿಯುಳ್ಳ ಚಿತ್ರವೇ ಆದರೂ, ದರ್ಶನಮಾತ್ರವೆಂಬ ಲಕ್ಷಣವು ಕಸೂತಿಗೂ ಅಮೂರ್ತ ಚಿತ್ರಕ್ಕೂ ಎಡೆಗೊಡುತ್ತದೆ.

ಒಂದು ಮಿತಿಯನ್ನು ಮಾತ್ರ ಹೇಳಬೇಕು. ಕೇವಲ ವರ್ಣದಿಂದ ಚಿತ್ತವು ಕರಗಬಹುದು, ಜ್ವಲಿಸಬಹುದು. ಆ ಜ್ವಾಲೆ ಉತ್ಸಾಹವೋ ಕ್ರೋಧವೋ ಎಂಬ ನಿರ್ಣಯ ಆಲಂಬನವಿಲ್ಲದೆ ಆಗದು. ಗೀತದಲ್ಲಿಯೂ ಸಾಹಿತ್ಯ ಕೂಡಿದಾಗಲೇ ಭಾವಕ್ಕೆ ಹೆಸರು ನಿಲ್ಲುವುದು. ರಜಾ 1981ರಲ್ಲಿ ಬರೆದ ‘ಮಾ’ ಎಂಬ ಚಿತ್ರದ ವರ್ಣಫಲಕಗಳ ನಡುವೆ ಅಶೋಕ ವಾಜಪೇಯಿಯವರ ಕವಿತೆಯ ಒಂದು ಪಂಕ್ತಿಯನ್ನು ದೇವನಾಗರಿಯಲ್ಲಿ ಬರೆದಿದ್ದಾರೆ. ಅದರಿಂದ ಪಟದ ಬಣ್ಣಗಳಿಗೆಲ್ಲ ತಾಯಿಯು ಆಲಂಬನವಾದಳು.