ವಚನಗಳ ಜೋಡಣೆ ಮತ್ತು ಹೊಸ ಓದುಗ

ವಚನಗಳು ಮೂಲತಃ ಒಂದು ಸಮುದಾಯದ ಒಳಗಿನ ಮಾತುಕತೆ. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಆಡಿದ ಮಾತಿನ ಹಿನ್ನೆಲೆ ಕೇಳುಗರಿಗೆ ತಿಳಿದಿತ್ತು. ಯಾರು ಯಾರಿಗೆ, ಏಕೆ ಹೇಳುತ್ತಿದ್ದಾರೆ ಎಂಬುದನ್ನು ವಿವರಿಸುವ ಅಗತ್ಯವಿರಲಿಲ್ಲ. ಆ ಸಂದರ್ಭ ಕಳಚಿದ ಬಳಿಕ ಹೊರಗಿನಿಂದ ಬರುವ ಓದುಗನಿಗೆ ಈ ಬಿಡಿ ಮಾತುಗಳನ್ನು ಹೇಗೆ ಒದಗಿಸಬೇಕೆಂಬ ಪ್ರಶ್ನೆ ಎದುರಾಯಿತು. ವಚನಗಳ ಸಂಕಲನ, ಸಂಪಾದನೆಗಳ ಇತಿಹಾಸವನ್ನು ಈ ಪ್ರಶ್ನೆಗೆ ಕೊಟ್ಟ ಉತ್ತರಗಳ ಇತಿಹಾಸವೆಂದೂ ಗ್ರಹಿಸಬಹುದು.

ಮೊದಲ ಉತ್ತರ ಸ್ಥಲಕಟ್ಟು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ, ಮುಂದೆ ನೂರೊಂದು ಸ್ಥಲಗಳಲ್ಲಿ ವಚನಗಳನ್ನು ಹಂಚಲಾಯಿತು. ಇದು ಸಾಧಕನಿಗೆ ಒಪ್ಪುವ ಕ್ರಮ. ನೆಲೋಗಿಯನ್ನು ಒಳಗೊಂಡ ಜೇವರ್ಗಿ ಸೀಮೆಯಲ್ಲಿ 17ನೆಯ ಶತಮಾನದಲ್ಲಿ ‘ಅಖಂಡೇಶ್ವರ’ ಅಂಕಿತದಿಂದ ವಚನ ರಚಿಸಿದ ಷಣ್ಮುಖಸ್ವಾಮಿಗಳ ವಚನಗಳು ಸ್ಥಲಾನುಸಾರವಾಗಿಯೇ ದೊರೆಯುತ್ತವೆ. ಅಂದರೆ, ಹಿಂದಿನವರ ಮಾತಿಗೆ ಆಮೇಲೆ ಹೊದಿಸಿದ ಚೌಕಟ್ಟು ಈ ವೇಳೆಗೆ ರಚನೆಯ ಮಾದರಿಯೇ ಆಗಿತ್ತು. ಆದರೆ ಸ್ಥಲದ ಪರಿಭಾಷೆ ಅರಿಯದವನಿಗೆ ಇದು ಬಾಗಿಲಿಗಿಂತ ಹೊಸ್ತಿಲಾಗಿಯೇ ಉಳಿಯುತ್ತದೆ.

ಎರಡನೆಯ ಉತ್ತರ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಆರಂಭವಾದ ಶೂನ್ಯಸಂಪಾದನೆ. ಇಲ್ಲಿ ಬಿಡಿ ವಚನಗಳು ಅಲ್ಲಮಪ್ರಭುವನ್ನು ಕೇಂದ್ರವಾಗಿಟ್ಟ ಸಂವಾದವಾಗುತ್ತವೆ; ನಡುವಣ ಗದ್ಯ ಸಂದರ್ಭವನ್ನು ಕಟ್ಟಿಕೊಡುತ್ತದೆ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇದನ್ನೇ ಮರುಜೋಡಿಸಿದರು. ಪರಿಭಾಷೆ ತಿಳಿಯದವನೂ ಪ್ರಶ್ನೆ, ಮರುಪ್ರಶ್ನೆಗಳ ಎಳೆ ಹಿಡಿದು ಒಳಬರಬಹುದು. ಆದರೆ ಈ ಸೌಲಭ್ಯಕ್ಕೆ ಬೆಲೆಯಿದೆ. ಅಕ್ಕಮಹಾದೇವಿಯ ವಚನ ಇಲ್ಲಿ ಅಲ್ಲಮನ ಪರೀಕ್ಷೆಗೆ ಕೊಟ್ಟ ಉತ್ತರ. ಬಿಡಿಯಾಗಿ ಓದಿದಾಗ ಅದೇ ವಚನ ಚೆನ್ನಮಲ್ಲಿಕಾರ್ಜುನನಿಗೆ ನೇರವಾಗಿ ಆಡಿದ ಮಾತು. ಪದಗಳು ಬದಲಾಗದಿದ್ದರೂ ಕೇಳುವವರು ಬದಲಾದುದರಿಂದ ಅರ್ಥ ಪಲ್ಲಟಗೊಳ್ಳುತ್ತದೆ.

ಮುದ್ರಣಯುಗದಲ್ಲಿ ಓದುಗನ ಸ್ವರೂಪವೇ ಬದಲಾಯಿತು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ‘ವಚನಶಾಸ್ತ್ರಸಾರ’ದಲ್ಲಿ ವಚನಗಳನ್ನು ವಿಷಯಾನುಸಾರ ವಿಂಗಡಿಸಿದರು. ದೀಕ್ಷೆಯಿಲ್ಲದ, ಕುತೂಹಲದಿಂದಷ್ಟೇ ಪುಸ್ತಕ ತೆರೆಯುವವನೂ ತನಗೆ ಬೇಕಾದುದನ್ನು ಹುಡುಕಿಕೊಳ್ಳುವಂತಾಯಿತು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳು ವಚನಕಾರರನ್ನೇ ಘಟಕವಾಗಿಸಿದವು. ಇದಕ್ಕೆ ಆಧಾರ ಅಂಕಿತ: ಹೇಳಿದವರ ಗುರುತು ವಚನದೊಳಗೇ ಇದ್ದುದರಿಂದ ಚದುರಿದ ಓಲೆಗಳ ಮಾತನ್ನು ಮತ್ತೆ ಅವರವರ ಹೆಸರಿಗೆ ಸೇರಿಸುವುದು ಸಾಧ್ಯವಾಯಿತು. ಕೊನೆಯ ಸಂಪುಟವಾದ ಪರಿಭಾಷಾ ಕೋಶವು ಹಿಂದೆ ಗುರುಮುಖದಿಂದ ದೊರೆಯುತ್ತಿದ್ದ ತಿಳಿವನ್ನು ಪುಸ್ತಕದಲ್ಲಿಯೇ ಒದಗಿಸುವ ಯತ್ನ.

ಈ ಕ್ರಮಗಳಲ್ಲಿ ಯಾವುದೂ ನಿರಪೇಕ್ಷವಲ್ಲ. ಸ್ಥಲಕಟ್ಟು ಸಾಧನೆಯ ಮೆಟ್ಟಿಲನ್ನು ತೋರಿಸಿ ವ್ಯಕ್ತಿಯನ್ನು ಹಿಂದೆ ಸರಿಸುತ್ತದೆ. ಸಂವಾದಕ್ರಮ ನಾಟಕೀಯತೆಯನ್ನು ನೀಡಿ ಅಲ್ಲಮನ ನೋಟವನ್ನು ಮುಖ್ಯವಾಗಿಸುತ್ತದೆ. ಕರ್ತೃಕ್ರಮ ಸಮೂಹದ ಮಾತನ್ನು ಬಿಡಿ ಕವಿಗಳ ಕೃತಿಯಾಗಿಸುತ್ತದೆ. ತರಗತಿಯಲ್ಲಿ ವಚನವನ್ನು ಮೊದಲ ಬಾರಿ ಎದುರಿಸುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ದೊರೆಯುವುದು ಕೊನೆಯ ಕ್ರಮವೊಂದೇ. ಹಾಗಾಗಿ ಅವನು ವಚನವನ್ನು ಭಾವಗೀತೆಯಂತೆ ಓದಿದರೆ ಆ ತಪ್ಪು ಅವನದಲ್ಲ, ಜೋಡಣೆಯದು.

ಹೊಸಬನಿಗೆ ದಾರಿ ಸುಗಮವಾಗಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ದಾರಿ ಯಾರೋ ಕಡಿದದ್ದು ಎಂಬ ಗುರುತೂ ಅಳಿಯಬಾರದು. ಪಠ್ಯಪುಸ್ತಕದ ಒಂದೊಂದು ವಚನದ ಕೆಳಗೆ ಅದು ಬರುವ ಸ್ಥಲವನ್ನೂ ಶೂನ್ಯಸಂಪಾದನೆಯಲ್ಲಿ ಅದಕ್ಕಿರುವ ಸಂದರ್ಭವನ್ನೂ ಒಂದು ಸಾಲಿನಲ್ಲಿ ಸೂಚಿಸಿದರೆ, ಓದುಗನಿಗೆ ಪ್ರವೇಶವೂ ಸುಲಭವಾಗುತ್ತದೆ, ಮಾತುಕತೆಯ ನೆನಪೂ ಉಳಿಯುತ್ತದೆ.