ರಿಟೈರ್ ಆದ ಮೇಷ್ಟ್ರಿಗೆ ಜರ್ನಲ್ ಯಾಕೆ ತೆರೆಯಲ್ಲ?

ಇವತ್ತು ಕೇಳುಗರೊಬ್ಬರ ಪ್ರಶ್ನೆ. ಅವರ ಪಿಎಚ್‌ಡಿ ಗೈಡ್ ರಿಟೈರ್ ಆಗಿದ್ದಾರೆ, ಥೀಸಿಸ್ ಮಾತ್ರ ಈಗಲೂ ಅವರೇ ತಿದ್ದುತ್ತಾರೆ. ಆದ್ರೆ ಗೈಡ್‌ಗೆ ಒಂದು ಜರ್ನಲ್ ಲೇಖನವೂ ತೆರೆಯಲ್ಲ. ತನ್ನ ಪಾಸ್‌ವರ್ಡ್ ಕೊಡಬಹುದಾ ಅಂತ ಕೇಳಿದ್ದಾರೆ.

ಉತ್ತರಕ್ಕೆ ಮೊದಲು ಬಾಗಿಲು ಹೇಗೆ ಕೆಲಸ ಮಾಡುತ್ತೆ ನೋಡೋಣ. ಕ್ಯಾಂಪಸ್ ಒಳಗಿದ್ದರೆ ಪ್ರಕಾಶಕರ ಸರ್ವರ್ ನಿಮ್ಮ ಐಪಿ ವಿಳಾಸ ನೋಡಿ ಒಳಗೆ ಬಿಡುತ್ತೆ. ಮನೆಯಿಂದ ಆದರೆ ಇನ್‌ಫೆಡ್ ತರಹದ ಲಾಗಿನ್ ಬೇಕು. ಇದನ್ನು ನಡೆಸೋದು ಗಾಂಧಿನಗರದ ಇನ್‌ಫ್ಲಿಬ್‌ನೆಟ್. ಇಲ್ಲಿ ಪ್ರಕಾಶಕರು ನಿಮ್ಮ ಪಾಸ್‌ವರ್ಡ್ ನೋಡಲ್ಲ. ಈ ವ್ಯಕ್ತಿ ನಮ್ಮವರು ಅಂತ ನಿಮ್ಮ ಸಂಸ್ಥೆ ಹೇಳಬೇಕು, ಅಷ್ಟೇ. ರಿಟೈರ್ ಆದಾಗ ಆ ಖಾತೆ ಮುಚ್ಚಿದರೆ, ಹಾಗೆ ಹೇಳೋರೇ ಇರಲ್ಲ.

ಖಾತೆ ಯಾಕೆ ಮುಚ್ತಾರೆ? ಮುದ್ರಿತ ಪುಸ್ತಕವನ್ನು ಲೈಬ್ರರಿ ಕೊಂಡುಕೊಳ್ಳುತ್ತೆ, ಯಾರಿಗೆ ಬೇಕಾದ್ರೂ ಓದೋಕೆ ಕೊಡಬಹುದು. ಇ-ಜರ್ನಲ್ ಬಹುಪಾಲು ಬಾಡಿಗೆ ಮನೆ ಇದ್ದ ಹಾಗೆ. ಯಾರು ಬಳಸಬಹುದು ಅಂತ ಒಪ್ಪಂದದಲ್ಲೇ ಬರೆದಿರುತ್ತೆ. ಸಾಮಾನ್ಯವಾಗಿ ಅದು ಈಗಿರುವ ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳು.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ದೊಡ್ಡ ಹೆಜ್ಜೆಯೇ. ಆದರೆ ಇದೂ ಸಿಗೋದು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಮೂಲಕ. ಸಂಸ್ಥೆಯ ನಂಟು ತಪ್ಪಿದರೆ ಬಾಗಿಲೂ ತಪ್ಪಿತು. ಮೂವತ್ತು ವರ್ಷ ಪಾಠ ಮಾಡಿದವರು ತಮ್ಮದೇ ಲೇಖನ ಓದೋಕೆ ಹಣ ಕೊಡಬೇಕಾದ ಸ್ಥಿತಿ ಬರಬಹುದು.

ಹಾಗಾದ್ರೆ ದಾರಿ ಏನು? ಮೊದಲು ಗ್ರಂಥಪಾಲಕರನ್ನು ಕೇಳಿ. ಲೈಬ್ರರಿಗೆ ಬಂದು ಅಲ್ಲಿನ ಕಂಪ್ಯೂಟರಿನಲ್ಲಿ ಓದುವವರಿಗೆ ಅನೇಕ ಒಪ್ಪಂದಗಳು ಅವಕಾಶ ಕೊಡುತ್ತವೆ. ಎಮೆರಿಟಸ್ ಆಗಿ ನೇಮಕ ಆದವರ ಖಾತೆ ಉಳಿಸ್ತೀರಾ ಅಂತಲೂ ವಿಚಾರಿಸಿ.

ಎರಡನೆಯದು, ಉಚಿತವಾಗಿ ಸಿಗೋದನ್ನು ಬಳಸಿ. ಜೆಸ್ಟೋರ್‌ನಲ್ಲಿ ಸ್ವಂತ ಇಮೇಲ್‌ನಿಂದ ಖಾತೆ ಮಾಡಿದರೆ ತಿಂಗಳಿಗೆ 100 ಲೇಖನದವರೆಗೆ ಆನ್‌ಲೈನ್‌ನಲ್ಲಿ ಓದಬಹುದು. ಭಾರತದ ಥೀಸಿಸ್‌ಗಳಿಗೆ ಶೋಧಗಂಗಾ ಇದೆ. ಅನ್‌ಪೇವಾಲ್ ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್, ಲೇಖನದ ಉಚಿತ, ಕಾನೂನುಬದ್ಧ ಪ್ರತಿ ಎಲ್ಲಾದರೂ ಇದ್ದರೆ ಹುಡುಕಿ ಕೊಡುತ್ತೆ. ಸಿಗದಿದ್ದರೆ ಲೇಖಕರಿಗೇ ಒಂದು ಮೇಲ್ ಹಾಕಿ. ತುಂಬಾ ಜನ ಖುಷಿಯಿಂದ ಕಳಿಸ್ತಾರೆ.

ಇನ್ನು ಪಾಸ್‌ವರ್ಡ್ ವಿಚಾರ: ಕೊಡಬೇಡಿ. ಒಂದು ಖಾತೆಯಿಂದ ರಾಶಿಗಟ್ಟಲೆ ಡೌನ್‌ಲೋಡ್ ಆದ್ರೆ ಪ್ರಕಾಶಕರು ಇಡೀ ಕ್ಯಾಂಪಸ್‌ನ ಪ್ರವೇಶವನ್ನೇ ತಡೆಯಬಹುದು. ಆಗ ನಿಮ್ಮ ಜೊತೆ ಹಾಸ್ಟೆಲ್‌ನವರೆಲ್ಲಾ ಕೂರಬೇಕಾಗುತ್ತೆ.

ನಿಮ್ಮ ಮೇಷ್ಟ್ರು ಇನ್ನೂ ರಿಟೈರ್ ಆಗಿಲ್ಲ ಅಂದ್ರೆ ಈ ವಾರವೇ ಅವರ ಜೊತೆ ಅರ್ಧ ಗಂಟೆ ಕೂತ್ಕೊಳ್ಳಿ. ಆರ್ಕಿಡ್, ಗೂಗಲ್ ಸ್ಕಾಲರ್ ಖಾತೆಗಳಿಗೆ ಅವರ ಸ್ವಂತ ಇಮೇಲ್ ಸೇರಿಸಿ. ಕಾಲೇಜು ಮೇಲ್‌ನಲ್ಲಿರೋ ಟಿಪ್ಪಣಿ, ಕರಡುಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಖಾತೆ ಮುಚ್ಚಿದ ಮೇಲೆ ಆ ಮೇಲ್‌ಗೆ ಓಟಿಪಿ ಕೂಡ ಬರಲ್ಲ.

ಅಂದ ಹಾಗೆ, ಡಿಗ್ರಿ ಮುಗಿಸಿ ಹೊರಬಂದ ದಿನ ನಿಮಗೂ ಇದೇ ನಿಯಮ.